ಎರಡನೇ ಬೇಸಿನ ಅಳಿಯ

ಶಾಲು ಹೊದಿಸುತ್ತೇವೆ ಎಂದರೆ ಏನರ್ಥ ಎಂದು ನನಗೆ ಗೊತ್ತು. ಇನ್ನು ಸಾಕು, ಎದ್ದು ಹೋಗಿ ಎಂದು ಬಾಯಿಬಿಟ್ಟು ಹೇಳಲಾಗದವರು ಶಾಲು ತರುತ್ತಾರೆ, ಹಾರ ತರುತ್ತಾರೆ, ಹಣ್ಣಿನ ಬುಟ್ಟಿ ತರುತ್ತಾರೆ. ನಮ್ಮೂರಿನ ಹಾಲಿನ ಸಂಘದಲ್ಲಿ ಎಷ್ಟೋ ಅಧ್ಯಕ್ಷರನ್ನು ಹೀಗೆ ಕಳಿಸಿದ್ದನ್ನು ನೋಡಿದ್ದೇನೆ. ಹಾಗಾಗಿ ಆ ಭಾನುವಾರ ಆಟ ಮುಗಿದ ಮೇಲೆ ಕ್ಯಾಪ್ಟನ್ ನನ್ನ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಅಮ್ಮ, ಅಣ್ಣನಿಗೆ ಒಂದು ಸನ್ಮಾನ ಮಾಡುವ ಅಂತ" ಎಂದಾಗ ನಾನು ಪೆನ್ಸಿಲ್ ಕೆಳಗಿಟ್ಟೆ.

ಅಣ್ಣ ಎಂದರೆ ನನ್ನ ಅಳಿಯ. ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ಈ ಬೇಸ್‌ಬಾಲ್ ತಂಡ ಕಟ್ಟಿದವರೇ ಅವರು. ಕ್ರಿಕೆಟ್ಟಿಗೆ ಮೈದಾನ ಸಿಗದೆ ಅಲೆಯುತ್ತಿದ್ದ ನಮ್ಮ ಕಡೆಯ ಹುಡುಗರನ್ನೆಲ್ಲ ಹಿಡಿದು ತಂದು ಇದನ್ನು ಕಲಿಸಿದರು. ಮೊದಲ ದಿನದಿಂದ ಅವರ ಜಾಗ ಎರಡನೇ ಬೇಸು. ಈಗ ಐವತ್ತರ ಹತ್ತಿರ ಇದ್ದಾರೆ. ಕ್ಯಾಪ್ಟನ್ ಉಡುಪಿ ಕಡೆಯವನು, ಮೆನ್ಲೋ ಪಾರ್ಕಿನಲ್ಲಿ ಆಫೀಸು, ಒಳ್ಳೆಯ ಹುಡುಗ. ಆದರೆ ಸುತ್ತಿ ಬಳಸಿ ಮಾತಾಡುತ್ತಾನೆ.

"ಸೀಸನ್ನಿನ ಕೊನೆ ಗೇಮಿನ ದಿವಸ, ಅಮ್ಮ. ಅಣ್ಣನ ಕರಿಯರ್ ಸ್ಟ್ಯಾಟ್ಸು ಪೂರಾ ಓದಿ ಹೇಳಿ, ಶಾಲು ಹೊದೆಸಿ, ಒಂದು ಫಲಕ ಕೊಡುವುದು. ಸ್ಕೋರ್‌ಬುಕ್ಕೆಲ್ಲ ನಿಮ್ಮ ಹತ್ರವೇ ಉಂಟಲ್ಲ?"

"ಆಮೇಲೆ?"

"ಆಮೇಲೆ ಎಂತ? ಊಟ."

"ಊಟ ಆದ್ಮೇಲೆ? ಮುಂದಿನ ವರ್ಷ ಎರಡನೇ ಬೇಸಿಗೆ ಯಾರಪ್ಪ?"

ಅವನು ಹುಲ್ಲು ಕೀಳತೊಡಗಿದ. "ಅದು ಅಣ್ಣನಿಗೇ ಗೊತ್ತಾಗ್ತದೆ ಅಮ್ಮ."

"ಶಾಲು ಮೈಮೇಲೆ ಬಿದ್ಮೇಲೆ ಗೊತ್ತಾಯ್ತದೆ ಅನ್ನು."

"ಅಯ್ಯೋ, ಹಾಗಲ್ಲ ಮಾರಾಯ್ರೆ," ಎಂದ. ಹಾಗೇ ಇತ್ತು. ಆದರೂ ಲೆಕ್ಕ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡೆ. ಸ್ಕೋರರ್ ನಾನು. ಕೇಳಿದವರಿಗೆ ಲೆಕ್ಕ ಕೊಡುವುದು ನನ್ನ ಕೆಲಸ.

ಈ ಕೆಲಸ ನನ್ನ ಕೊರಳಿಗೆ ಬಿದ್ದದ್ದು, ಹಿಂದಿನ ಸ್ಕೋರರ್ ಟೆಕ್ಸಾಸಿಗೆ ಮನೆ ಬದಲಿಸಿದಾಗ. ಪ್ರತಿ ತಂಡವೂ ಒಬ್ಬ ಸ್ಕೋರರನ್ನು ಕೂರಿಸಬೇಕು, ಇಲ್ಲದಿದ್ದರೆ ಲೀಗಿನವರು ಆಟ ಒಪ್ಪುವುದಿಲ್ಲ. ಪುಳಿಯೋಗರೆ ಡಬ್ಬಿ ಹಿಡಿದುಕೊಂಡು ಹೇಗೂ ಅಲ್ಲೇ ಕೂತಿರುತ್ತೀರಲ್ಲ ಅತ್ತೆ ಎಂದು ಅಳಿಯನೇ ಕಾರಿನ ಬಾನೆಟ್ ಮೇಲೆ ಪುಸ್ತಕ ಬಿಚ್ಚಿ ಕಲಿಸಿದರು. ಚೆಂಡು ಎಸೆಯುವ ಪಿಚ್ಚರ್ ಒಂದು, ಕ್ಯಾಚರ್ ಎರಡು, ಮೊದಲ ಬೇಸು ಮೂರು, ಎರಡನೇ ಬೇಸು ನಾಲ್ಕು, ಮೂರನೇ ಬೇಸು ಐದು, ಅವೆರಡರ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಆರು. ನೆಲದಲ್ಲಿ ಉರುಳಿ ಬಂದ ಚೆಂಡನ್ನು ಎರಡನೇ ಬೇಸಿನವರು ಹಿಡಿದು, ಹೊಡೆದವನು ಓಡಿ ಮುಟ್ಟುವ ಮೊದಲೇ ಮೊದಲ ಬೇಸಿಗೆ ಎಸೆದು ಔಟ್ ಮಾಡಿದರೆ ನಾಲ್ಕು-ಮೂರು ಎಂದು ಬರೆಯಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಮೊದಲ ಆಟದಲ್ಲಿ ಕನ್ನಡ ಅಂಕಿಗಳಲ್ಲೇ ಬರೆದಿದ್ದೆ, ಎದುರು ತಂಡದ ಸ್ಕೋರರಮ್ಮ ಪುಸ್ತಕವನ್ನು ತಲೆಕೆಳಗು ಮಾಡಿ ನೋಡಿದ್ದಳು.

ಊರಿನಲ್ಲಿ ನಮ್ಮ ಮಹಿಳಾ ಸಂಘದ ಡೇರಿಯಲ್ಲಿ ಹಾಲಿನ ಡಿಗ್ರಿ ನೋಡುತ್ತಿದ್ದವಳು ನಾನು. ಗಾಜಿನ ಬುರುಡೆ ಹಾಲಿನೊಳಗೆ ಎಷ್ಟು ಮುಳುಗಿತೋ ಅಷ್ಟು. ತಂದವಳು ಓರಗಿತ್ತಿಯಾದರೂ ಅಷ್ಟೇ, ಹಳೇ ಜಗಳದವಳಾದರೂ ಅಷ್ಟೇ. ಇಲ್ಲಿ ಕಷ್ಟವಾದದ್ದು ಒಂದೇ. ನಮ್ಮ ಕಡೆ ಅಳಿಯನ ಎದುರು ಅತ್ತೆ ಕುರ್ಚಿ ಎಳೆದುಕೊಂಡು ಕೂರುವುದಿಲ್ಲ. ಮನೆಯಲ್ಲಿ ನಾನು ಈಗಲೂ ಕೂರುವುದಿಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತೇ ಮಾತು. ಮೈದಾನದಲ್ಲಿ ಮಾತ್ರ ಅವರು ನಿಂತಿರುತ್ತಾರೆ, ನಾನು ಕೂತಿರುತ್ತೇನೆ. ಚೆಂಡು ಕೈತಪ್ಪಿದಾಗೆಲ್ಲ ಅವರು ನನ್ನ ಕಡೆ ತಿರುಗಿ ನೋಡುತ್ತಾರೆ, ಎರರ್ ಹಾಕಿದೆನೋ ಇಲ್ಲವೋ ಎಂದು. ಸಾಧಾರಣ ಆಟಗಾರ ಸಾಧಾರಣ ಪ್ರಯತ್ನದಲ್ಲಿ ಹಿಡಿಯಬಹುದಾದ ಚೆಂಡನ್ನು ಬಿಟ್ಟರೆ ಎರರ್. ಹಾಕಬೇಕಾದಾಗ ಹಾಕಿದ್ದೇನೆ. ಆ ರಾತ್ರಿ ಅವರಿಗೆ ತುಪ್ಪ ಒಂದು ಚಮಚ ಜಾಸ್ತಿ ಬಡಿಸಿದ್ದೇನೆ. ಎರಡೂ ಬೇರೆ ಬೇರೆ.

ಮೊಮ್ಮಗಳು ಕಾಲೇಜಿನಿಂದ ರಜಕ್ಕೆ ಬಂದಿದ್ದಳು. ಊಟದ ಮೇಜಿನ ಮೇಲೆ ಪುಸ್ತಕಗಳನ್ನೆಲ್ಲ ಹರಡಿದೆವು. ನಾನು ಓದುವುದು, ಅವಳು ಲ್ಯಾಪ್‌ಟಾಪಿನಲ್ಲಿ ಹೊಡೆಯುವುದು. ಮೊದಲು ಬ್ಯಾಟಿಂಗು. ಅಳಿಯನ ಹೊಡೆತ ಅಷ್ಟಕ್ಕಷ್ಟೆ. ಆದರೆ ಕೆಟ್ಟ ಚೆಂಡುಗಳನ್ನು ಮುಟ್ಟದೆ ಬಿಟ್ಟು, ನಾಲ್ಕು ಬಾಲ್ ಎಣಿಸಿಕೊಂಡು ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದುಹೋದದ್ದು ತಂಡದಲ್ಲೇ ಹೆಚ್ಚು.

"ಅಜ್ಜಿ, ಅಪ್ಪ ಈಸ್ ಸೋ ಪೇಷಂಟ್," ಎಂದಳು ಮೊಮ್ಮಗಳು.

"ಪೇಷನ್ಸು ಇಲ್ದೆ ನಿಮ್ಮಮ್ಮನ ಜೊತೆ ಬಾಳೋಕಾಯ್ತದಾ?" ಎಂದೆ. ಒಳಗಿನಿಂದ ನನ್ನ ಮಗಳು, "ಕೇಳಿಸ್ತು!" ಎಂದಳು.

ಆಮೇಲೆ ಫೀಲ್ಡಿಂಗು. ಎರರುಗಳು ಲೀಗಿನ ಎರಡನೇ ಬೇಸಿನವರಲ್ಲೆಲ್ಲ ಕಡಿಮೆ. ಕೊನೆಯ ಎರಡು ಸೀಸನ್ನಿನಲ್ಲಂತೂ ಬೆರಳು ಮಡಿಸುವಷ್ಟೂ ಇಲ್ಲ. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನನಗೆ ಸಮಾಧಾನವಾಗಲಿಲ್ಲ. ನೋವಿಗೆಂದು ಮಂಡಿಗೆ ಫ್ರೀಜರಿನ ಬಟಾಣಿ ಪ್ಯಾಕೆಟ್ ಕಟ್ಟಿಕೊಂಡು ಕೂರುವ ಮನುಷ್ಯ ವಯಸ್ಸಾಗುತ್ತ ಆಗುತ್ತ ತಪ್ಪು ಕಡಿಮೆ ಮಾಡುತ್ತಾನೆ ಎಂದರೆ ಏನೋ ಇದೆ. ಹಾಲು ಕಡಿಮೆ ತಂದವಳ ಹಾಲು ಚೆಲ್ಲುವುದೂ ಕಡಿಮೆ.

"ತಪ್ಪು ಬುಡು. ಎಷ್ಟು ಚೆಂಡು ಕೈಗೆ ಬಂದವು, ಅದು ಎಣಿಸು," ಎಂದೆ.

ಎಣಿಸಿದಳು. ಮೊದಲು ಒಂದು ಆಟಕ್ಕೆ ಐದಾರು ಚೆಂಡುಗಳನ್ನು ಹಿಡಿಯುತ್ತಿದ್ದವರು ಈಗ ಎರಡೋ ಮೂರೋ. ಅರ್ಧಕ್ಕರ್ಧ ಬಿದ್ದುಹೋಗಿತ್ತು. "ಆಯ್ತು, ತೀರ್ತು," ಎಂದುಬಿಟ್ಟೆ. "ಇವರಿಗೆ ಚೆಂಡು ಮುಟ್ಟೋಕೆ ಆಯ್ತಿಲ್ಲ. ಮುಟ್ಟದೆ ಇದ್ರೆ ಎರರ್ ಎಲ್ಲಿಂದ ಬರ್ಬೇಕು?"

ಮೊಮ್ಮಗಳಿಗೆ ಸಿಟ್ಟು ಬಂತು. "ನೋ ಅಜ್ಜಿ, ದಟ್ಸ್ ನಾಟ್ ಫೇರ್. ಶಾರ್ಟ್‌ಸ್ಟಾಪ್ ಅಂಕಲ್‌ದು ಕೂಡ ನೋಡು." ನೋಡಿದರೆ ಶಾರ್ಟ್‌ಸ್ಟಾಪಿಗೆ ಬಂದ ಚೆಂಡುಗಳೂ ಕಡಿಮೆ. ಮೂರನೇ ಬೇಸಿನವನದ್ದೂ ಹಾಗೇ. ಆಗ ನನಗೆ ಹೊಳೆಯಿತು. ಎರಡು ಸೀಸನ್ನಿನ ಹಿಂದೆ ಪಿಚ್ಚರ್ ಬದಲಾಗಿದ್ದ. ಹಳಬ ನಿಧಾನಕ್ಕೆ, ತಗ್ಗಿಸಿ ಎಸೆಯುತ್ತಿದ್ದ, ಹೊಡೆದದ್ದೆಲ್ಲ ನೆಲ ಉಜ್ಜಿಕೊಂಡು ಬರುತ್ತಿತ್ತು. ಹೊಸಬನದು ಜೋರು ಕೈ. ಎದುರಿನವರು ಬೀಸಿ ಬೀಸಿ ತಪ್ಪಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಚೆಂಡು ಆಕಾಶಕ್ಕೆ ಹೋಗುತ್ತದೆ. ನೆಲದ ಚೆಂಡೇ ಇಲ್ಲದ ಮೇಲೆ ಅಳಿಯ ಹಿಡಿಯುವುದೇನನ್ನು? ಮಳೆಗಾಲದಲ್ಲಿ ಹಸಿ ಹುಲ್ಲು ಮೇಯ್ದ ಹಸುವಿನ ಹಾಲು ತೆಳ್ಳಗೇ ಇರುತ್ತದೆ. ನೀರು ಬೆರೆಸಿದ್ದೀಯ ಎಂದು ಆ ಹೆಂಗಸಿಗೆ ಬೈದರೆ ಪಾಪ ಸುತ್ತಿಕೊಳ್ಳುತ್ತದೆ.

"ನಿಂದೇ ಸರಿ ಕಣೆ," ಎಂದೆ. ಮೊದಲಿಂದ ಶುರು ಮಾಡಿದೆವು.

ಚೆಂಡು ಯಾವ ದಾರಿಯಲ್ಲಿ ಹೋಯಿತು ಎಂದು ಪ್ರತಿ ಹೊಡೆತಕ್ಕೂ ಒಂದು ಗೀಟು ಎಳೆಯುವುದನ್ನು ಅಳಿಯ ಕಲಿಸಿಕೊಟ್ಟಿದ್ದರು. ಅದು ಈಗ ಕೆಲಸಕ್ಕೆ ಬಂತು. ಎರಡನೇ ಬೇಸಿನ ಕಡೆ ಉರುಳಿ ಬಂದ ಚೆಂಡುಗಳನ್ನಷ್ಟೇ ಆರಿಸಿಕೊಂಡೆವು. ಅವುಗಳಲ್ಲಿ ಅಳಿಯನ ಬಲಕ್ಕೆ ಬಂದವು ಒಂದು ಗುಂಪು, ಎಡಕ್ಕೆ ಬಂದವು ಒಂದು ಗುಂಪು. ಎಡಕ್ಕೆ ಎಂದರೆ ಮೊದಲ ಬೇಸಿನ ಕಡೆ. ಬಲಕ್ಕೆ ಬಂದದ್ದರಲ್ಲಿ ಹಳೆಯ ಲೆಕ್ಕಕ್ಕೂ ಈಗಿನ ಲೆಕ್ಕಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎಡಕ್ಕೆ ಬಂದದ್ದರಲ್ಲಿ ಹತ್ತಕ್ಕೆ ಎರಡೂ ಇವರ ಕೈಗೆ ಸಿಕ್ಕಿಲ್ಲ. ಎಡಕ್ಕೆ ಹಾರಬೇಕಾದರೆ ಬಲಗಾಲಲ್ಲಿ ಒದೆಯಬೇಕು. ಬಟಾಣಿ ಪ್ಯಾಕೆಟ್ ಕಟ್ಟುವುದು ಬಲಮಂಡಿಗೆ.

ಮೊಮ್ಮಗಳು ಆ ಪುಟಗಳನ್ನೇ ಇನ್ನೊಮ್ಮೆ ತಿರುವಿದಳು. ಆಮೇಲೆ, "ಬಟ್ ಅಜ್ಜಿ, ಹಾಗಾದ್ರೆ ಅಷ್ಟು ಹಿಟ್ಸ್ ಆಗ್ಬೇಕಿತ್ತಲ್ಲ? ಇಲ್ವಲ್ಲ," ಎಂದಳು.

ಇರಲಿಲ್ಲ. ಚೆಂಡು ಯಾರ ಕೈಗೂ ಸಿಗದೆ ಹೊಡೆದವನು ಬೇಸು ಮುಟ್ಟಿದರೆ ಹಿಟ್; ಎಡಕ್ಕೆ ಬಂದ ಆ ಚೆಂಡುಗಳಲ್ಲೂ ಹೊಡೆದವರು ಔಟ್ ಆಗಿದ್ದರು. ನಾನೇ ಬರೆದದ್ದು, ನನ್ನದೇ ಕೈ, ಮೂರು-ಒಂದು, ಮೂರು-ಒಂದು, ಮೂರು-ಒಂದು. ಮೊದಲ ಬೇಸಿನವನು ತನ್ನ ಬೇಸು ಬಿಟ್ಟು ಅಡ್ಡ ಓಡಿ ಚೆಂಡು ಹಿಡಿದಿದ್ದಾನೆ, ಪಿಚ್ಚರ್ ಓಡಿಬಂದು ಆ ಖಾಲಿ ಬೇಸು ತುಳಿದಿದ್ದಾನೆ. ಯಾವಾಗಲೋ ಒಂದು ಆಗುವ ಆಟ ಅದು. ಎರಡು ಸೀಸನ್ನಿನಿಂದ ಪುಟ ಪುಟಕ್ಕೂ ಇತ್ತು. ಔಟ್ ಆದದ್ದಷ್ಟೇ ಸಾಕು ಎಂದು ಬರೆದು ಪುಟ ತಿರುವಿಕೊಂಡು ಹೋಗಿದ್ದೆ.

ಮಾರನೆಯ ವಾರ ಪ್ರಾಕ್ಟೀಸಿನಲ್ಲಿ ಮೊದಲ ಬೇಸಿನ ಹುಡುಗನನ್ನು ಹಿಡಿದೆ. ಹುಡುಗ ಎಂದರೆ ಮೂವತ್ತು ದಾಟಿದವನು, ಹಾಸನದ ಕಡೆಯವನು, ಕುದುರೆಯ ಹಾಗೆ ಓಡುತ್ತಾನೆ. ಕಿತ್ತಳೆ ಹಣ್ಣು ಸುಲಿದು ಕೈಗಿಟ್ಟು, "ಯಾಕ್ಲಾ ಮಗ, ನಿನ್ ಬೇಸ್ ಬುಟ್ಟು ಅಷ್ಟು ದೂರ ನಿಲ್ತೀಯ?" ಎಂದೆ.

"ಅದು... ಅಜ್ಜಿ, ಸುಮ್ನೆ. ಸ್ಟ್ರಾಟೆಜಿ."

"ಯಾರ್ದು ಸ್ಟ್ರಾಟೆಜಿ?"

ಅವನು ಹಣ್ಣು ಬಾಯಿಗೆ ಹಾಕಿಕೊಂಡು ಅಳಿಯನ ಕಡೆ ನೋಡಿದ. ಅವರು ಆಚೆ ತುದಿಯಲ್ಲಿ ಯಾರಿಗೋ ಎಸೆತ ತೋರಿಸಿಕೊಡುತ್ತಿದ್ದರು. "ಯಾರೂ ಮಾತಾಡ್ಕೊಂಡಿಲ್ಲ ಅಜ್ಜಿ. ಅಣ್ಣಂಗೆ ಆ ಸೈಡು ಆಗ್ತಿರ್ಲಿಲ್ಲ, ನಾನು ಒಂದೆಜ್ಜೆ ಈಚೆ ಬಂದೆ. ಪಿಚ್ಚರ್ ಅರ್ಥ ಮಾಡ್ಕೊಂಡ. ಅಷ್ಟೆ. ಅಣ್ಣಂಗೆ ಹೇಳ್ಬೇಡಿ. ಈ ದೇಶಕ್ಕೆ ಬಂದಾಗ ನಾನು ಅವರ ಗರಾಜಲ್ಲಿ ಎರಡು ತಿಂಗಳು ಮಲಗಿದ್ದೋನು."

"ನಂಗೊತ್ತು ಕಣ್ಲಾ. ಮುದ್ದೆ ಬೇಯಿಸಿ ಹಾಕ್ದೋಳು ನಾನೇ."

ನಗಬೇಕೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ. ನನಗೂ ಅಷ್ಟೆ. ಇಡೀ ತಂಡ ಸೇರಿಕೊಂಡು ಒಬ್ಬ ಮನುಷ್ಯನ ಮಂಡಿಯನ್ನು ಎರಡು ವರ್ಷ ಮುಚ್ಚಿಟ್ಟಿತ್ತು. ಮರ್ಯಾದೆ ಎಂದರೆ ಇದೇ. ಆದರೆ ಆ ಮರ್ಯಾದೆಯ ಕೊನೆಗೆ ಒಂದು ಶಾಲು ಕಾದುಕೊಂಡಿತ್ತು, ಅದರ ಅರ್ಥ ಅಳಿಯನಿಗೆ ಗೊತ್ತಿರಲಿಲ್ಲ.

ಹೌದು, ಗೊತ್ತಿರಲಿಲ್ಲ. ಸನ್ಮಾನ ಎಂದು ಕ್ಯಾಪ್ಟನ್ ಹೇಳಿದ ದಿನದಿಂದ ಅಳಿಯ ಹಿಗ್ಗಿದ್ದರು. ಮುಂದಿನ ವರ್ಷಕ್ಕೆಂದು ಎರಡನೇ ಬೇಸಿನವರು ಹಾಕುವ ಚಿಕ್ಕ ಗ್ಲೌಸು ಹೊಸದು ತರಿಸಿ, ದಿನಾ ಸಂಜೆ ಎಣ್ಣೆ ಹಚ್ಚಿ ಮಡಿಸಿ ಮಡಿಸಿ ಪಳಗಿಸುತ್ತಿದ್ದರು. "ಅತ್ತೆ, ಇದನ್ನ ಆಯುಧಪೂಜೆಗೆ ಇಡೋಣ," ಎನ್ನುತ್ತಿದ್ದರು. ಎಲ್ಲರ ಎದುರು ಶಾಲು ಹೊದ್ದು ನಿಂತಾಗ ಕ್ಯಾಪ್ಟನ್ 'ಇಷ್ಟು ವರ್ಷ ಸೇವೆ ಸಲ್ಲಿಸಿ' ಎಂದು ಶುರು ಮಾಡುತ್ತಾನಲ್ಲ, ಆಗ ಆ ಮುಖ ಏನಾಗಬೇಕು? ನನ್ನ ಮಗಳ ಗಂಡ ಆ ರೀತಿ ತಿಳಿದುಕೊಳ್ಳುವುದು ನನಗೆ ಬೇಕಿರಲಿಲ್ಲ.

ಕ್ಯಾಪ್ಟನ್ನಿಗೆ ಫೋನು ಮಾಡಿದೆ. "ನೀನೇ ಹೇಳು ಅವರಿಗೆ," ಎಂದೆ.

"ನಾನಾ? ಅಮ್ಮ, ನನಗೆ ಬ್ಯಾಟ್ ಹಿಡಿಯಲಿಕ್ಕೆ ಕಲಿಸಿದ್ದೇ ಅವರು. ಹೇಗೆ ಹೇಳುವುದು?"

"ಹಂಗಾದ್ರೆ ನಾನು ಹೇಳ್ತೀನಿ."

"ನೀವು ಅತ್ತೆಯಲ್ವಾ?"

"ಅದ್ಕೇ ಇಷ್ಟು ದಿನ ಸುಮ್ನಿದ್ದೆ," ಎಂದು ಫೋನಿಟ್ಟೆ.

ಮೊಮ್ಮಗಳನ್ನು ಕರೆದು ಇನ್ನೊಂದು ಲೆಕ್ಕ ತೆಗೆಸಿದೆ. ಕಾಲು ಹೋಗಿದೆ, ಸರಿ. ಕೈ? ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸಿಗೆ ಎಸೆಯುತ್ತಾನಲ್ಲ, ಆ ಎಸೆತ ಯಾವಾಗಲೂ ನೆಟ್ಟಗೆ ಬರುವುದಿಲ್ಲ. ನೆಲಕ್ಕೆ ಬಡಿದು ಬರುತ್ತದೆ, ತಲೆಯ ಮೇಲೆ ಬರುತ್ತದೆ. ಅಂಥದ್ದನ್ನು ಅಳಿಯ ಬಾಚಿ ಹಿಡಿದಾಗೆಲ್ಲ ನಾನು ಪಕ್ಕದಲ್ಲಿ ಒಂದು ಚುಕ್ಕಿ ಇಡುತ್ತಿದ್ದೆ. ಪುಸ್ತಕದ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ, ನನ್ನ ಖುಷಿಗೆ ಇಟ್ಟದ್ದು. ಚುಕ್ಕಿಗಳನ್ನು ಎಣಿಸಿದೆವು. ಹಳೆಯ ಸೀಸನ್ನಿನಲ್ಲಿ ಎಷ್ಟೋ ಈಗಲೂ ಅಷ್ಟೇ, ಒಂದು ಕೈ ಹೆಚ್ಚೇ. ಮೊಮ್ಮಗಳು ಪರದೆಯನ್ನೇ ನೋಡುತ್ತ, "ಅಜ್ಜಿ, ಹೂ ಡಸ್ ದಿಸ್ ಆಲ್ ಡೇ? ಫಸ್ಟ್ ಬೇಸ್," ಎಂದಳು. ಮೊದಲ ಬೇಸಿನವನ ಕೆಲಸ ಅದೇ, ಎಲ್ಲರ ಎಸೆತ ಹಿಡಿಯುವುದು. ಓಟ ಕಡಿಮೆ, ಕೈ ಹೆಚ್ಚು.

ಶನಿವಾರ ಮಧ್ಯಾಹ್ನ ಉಪ್ಸಾರು ಮುದ್ದೆ ಮಾಡಿದೆ. ಅಳಿಯ ಹೊಟ್ಟೆ ತುಂಬ ಉಂಡು, ಸೋಫಾದಲ್ಲಿ ಕಾಲು ಚಾಚಿ, ಮಂಡಿಗೆ ಬಟಾಣಿ ಪ್ಯಾಕೆಟ್ ಇಟ್ಟುಕೊಂಡು, ಗ್ಲೌಸಿಗೆ ಎಣ್ಣೆ ಹಚ್ಚುತ್ತ ಕೂತರು. ನಾನು ಪುಸ್ತಕಗಳನ್ನು ತಂದು, ಊಟದ ಮೇಜಿನ ಕುರ್ಚಿಯೊಂದನ್ನು ಅವರ ಎದುರಿಗೆ ಎಳೆದು, ಕೂತೆ.

ಅವರು ಚಾಚಿದ ಕಾಲನ್ನು ತಟ್ಟನೆ ಕೆಳಗಿಳಿಸಿದರು. ಪ್ಯಾಕೆಟ್ ಜಾರಿ ಬಿತ್ತು. "ಏನತ್ತೆ?"

"ಸ್ಕೋರರ್ ಮಾತಾಡ್ತಾ ಇದೀನಿ," ಎಂದೆ. "ಎರರ್ ಕಡಿಮೆ, ಅದು ನಿಜ. ಆದ್ರೆ ಎಡಕ್ಕೆ ಬಂದ ಚೆಂಡು ನಿಮ್ಗೆ ಸಿಕ್ತಾ ಇಲ್ಲ. ಎರಡು ಸೀಸನ್ ಆಯ್ತು."

"ಯಾರು ಹೇಳಿದ್ದು? ಪಿಚ್ಚರ್ ಚೇಂಜ್ ಆದ ಮೇಲೆ ಗ್ರೌಂಡ್ ಬಾಲೇ ಬರ್ತಿಲ್ಲ ಅತ್ತೆ."

"ನಿಮ್ ಮಗ್ಳೂ ಅದೇ ಹೇಳಿದ್ಲು. ಅದನ್ನ ಕಳೆದೇ ಲೆಕ್ಕ ಹಾಕಿದೀವಿ." ಪುಟ ತಿರುಗಿಸಿ ತೋರಿಸಿದೆ. ಮೂರು-ಒಂದುಗಳ ಮೇಲೆ ಅವರ ಬೆರಳು ಮೆಲ್ಲಗೆ ಇಳಿಯುತ್ತ ಹೋಯಿತು. ಆಟ ಗೊತ್ತಿರುವ ಮನುಷ್ಯ, ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಕಿವಿ ಕೆಂಪಾಯಿತು.

"ಎಲ್ಲರಿಗೂ ಗೊತ್ತಿತ್ತಾ?"

"ಗೊತ್ತಿತ್ತು."

"ನನ್ನ ಗೊಂಬೆ ಥರ ನಿಲ್ಲಿಸಿಕೊಂಡು ಆಡಿದ್ರಾ ಹಾಗಾದ್ರೆ?"

"ನಿಲ್ಲಿಸಿಕೊಂಡಲ್ಲ. ಹೊತ್ಕೊಂಡು ಆಡಿದ್ರು. ನೀವು ಅವರನ್ನ ಹೊತ್ತಿರಲಿಲ್ವಾ?"

ಅವರು ಗ್ಲೌಸನ್ನು ಮಡಿಸಿದರು, ಬಿಚ್ಚಿದರು. "ಶಾಲು ಯಾತಕ್ಕೆ ಅಂತ ಈಗ ಅರ್ಥ ಆಯ್ತು," ಎಂದರು ಆಮೇಲೆ, ಗ್ಲೌಸಿಗೆ ಹೇಳುವವರ ಹಾಗೆ.

"ಇನ್ನೊಂದು ಪುಟ ಐತೆ," ಎಂದು ಚುಕ್ಕಿಗಳನ್ನು ತೋರಿಸಿದೆ. "ಕಾಲು ಹೋಗಿದೆ, ಕೈ ಹೋಗಿಲ್ಲ. ನನ್ ಲೆಕ್ಕ ಇಷ್ಟೆ. ಮೊದಲ ಬೇಸಿಗೆ ಹೋಗಿ. ಆ ಹುಡುಗ ಎರಡನೇ ಬೇಸಿಗೆ ಬರ್ಲಿ. ಹೆಂಗೂ ನಿಮ್ ಜಾಗದಲ್ಲೇ ಆಡ್ತಾವ್ನೆ."

ಎದ್ದು ಕುಂಟುತ್ತ ಗರಾಜಿಗೆ ಹೋದರು. ಬಾಗಿಲು ಜೋರಾಗಿ ಹಾಕಿಕೊಂಡರು. ನಾನು ಬಟಾಣಿ ಪ್ಯಾಕೆಟನ್ನು ಫ್ರೀಜರಿಗೆ ಹಾಕಿದೆ. ಮಗಳು ಬಂದು, "ಏನಮ್ಮ ಅಂದೆ ಅವರಿಗೆ?" ಎಂದಳು. ಇದ್ದದ್ದು ಎಂದೆ. ರಾತ್ರಿ ಅವರು ಊಟಕ್ಕೆ ಬಂದರು, ನನ್ನ ಕಡೆ ನೋಡಲಿಲ್ಲ. ತುಪ್ಪದ ಚಮಚ ಹಿಡಿದುಕೊಂಡು ಹೋದರೆ ತಟ್ಟೆಗೆ ಕೈ ಅಡ್ಡ ಇಟ್ಟರು. ವಾರವಿಡೀ ಅದೇ. ಲೆಕ್ಕ ಸರಿ ಇದ್ದರೂ ಹೇಳಿದ ಬಗೆ ತಪ್ಪಾಯಿತೇನೋ ಎಂದು ಒಂದೆರಡು ಸಲ ಅನ್ನಿಸಿತು. ಬೇರೆ ಬಗೆ ನನಗೆ ಬರುವುದಿಲ್ಲ.

ಕೊನೆಯ ಆಟದ ದಿನ ಬಂತು. ಕ್ಯಾಪ್ಟನ್ನಿನ ಕಾರಿನ ಹಿಂಬದಿಯಲ್ಲಿ ಶಾಲು, ಹಾರ, ಹಣ್ಣು ಎಲ್ಲ ಇದ್ದವು. ನಾನು ಕುರ್ಚಿ ಹಾಕಿಕೊಂಡು ಆಟಗಾರರ ಪಟ್ಟಿ ಬರೆಯಲು ಕೂತೆ. ಅಳಿಯ ಹೊಸ ಗ್ಲೌಸು ಹಿಡಿದುಕೊಂಡು ಮೊದಲ ಬೇಸಿನ ಹುಡುಗನ ಹತ್ತಿರ ಹೋದರು.

"ತಗೊಳ್ಳೋ. ನಿನ್ನದು ಕೊಡು."

ಅವನು ಬೆಪ್ಪಾಗಿ ನಿಂತ. "ಅಣ್ಣ, ಇದು ನಿಮ್ದು..."

"ಎರಡು ವರ್ಷದಿಂದ ನನ್ನ ಬಾಲೆಲ್ಲ ತಿಂದಿದೀಯ. ಗ್ಲೌಸ್ ತಗೊಳ್ಳೋಕೆ ನಾಚಿಕೆನಾ?"

ಸುತ್ತ ನಿಂತವರೆಲ್ಲ ಶೂ ನೋಡಿಕೊಂಡರು. ಆಮೇಲೆ ಪಿಚ್ಚರ್ ನಕ್ಕ, ಆಮೇಲೆ ಎಲ್ಲರೂ. ಹುಡುಗ ತನ್ನ ಮೊರದಗಲದ ಮೊದಲ ಬೇಸಿನ ಗ್ಲೌಸನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಕ್ಯಾಪ್ಟನ್ ನನ್ನ ಹತ್ತಿರ ಓಡಿಬಂದ. "ಅಮ್ಮ, ಶಾಲು ತಂದಾಗಿದೆ. ಈಗ ಎಂತ ಮಾಡುವುದು?"

"ಇಟ್ಟಿರು. ಶಾಲೇನು ಹಳಸೋದಿಲ್ಲ."

ಅಲ್ಲಿ ಮಧ್ಯಾಹ್ನ ಕಳೆದರೆ ಗಾಳಿ ಏಳುತ್ತದೆ. ನಡುವೆ ಯಾವಾಗಲೋ ಅವನು ಆ ಶಾಲನ್ನು ತಂದು ನನ್ನ ಕಾಲಿನ ಮೇಲೆ ಹೊದಿಸಿ ಹೋದ. ಬೇಡ ಎನ್ನಲಿಲ್ಲ. ಚಳಿ ಇತ್ತು.

ಹೊಸ ಜಾಗದಲ್ಲಿ ಅಳಿಯ ಮೊದಮೊದಲು ತಡವರಿಸಿದರು. ಬೇಸು ಎಲ್ಲಿದೆ ಎಂದು ಕಾಲಲ್ಲಿ ಹುಡುಕುತ್ತ ಒಂದು ಸುಲಭದ ಎಸೆತವನ್ನು ಬಿಟ್ಟರು. ನನ್ನ ಕಡೆ ತಿರುಗಿದರು, ಒಂದು ವಾರದ ಮೇಲೆ ಮೊದಲ ಸಲ. ಎರರ್ ಹಾಕಿದೆ. ಮುಖ ಗಂಟಿಕ್ಕಿಕೊಂಡು ಮತ್ತೆ ಬಗ್ಗಿ ನಿಂತರು.

ಕೊನೆಯ ಸುತ್ತಿನಲ್ಲಿ ನಾವು ಒಂದು ರನ್ನಿನಿಂದ ಮುಂದಿದ್ದೆವು. ಎದುರಿನವರ ಓಟಗಾರನೊಬ್ಬ ಮೂರನೇ ಬೇಸಿನಲ್ಲಿದ್ದ, ಎರಡು ಔಟ್ ಆಗಿದ್ದವು, ಇನ್ನೊಂದು ಔಟ್ ಆದರೆ ಗೆದ್ದಂತೆ. ಚೆಂಡು ನೆಲ ಸವರಿಕೊಂಡು ಮೊದಲ ಬೇಸು, ಎರಡನೇ ಬೇಸಿನ ನಡುವೆ ಬಂತು, ಅಳಿಯನಿಗೆ ಎರಡು ವರ್ಷದಿಂದ ಎಟುಕದ ಅದೇ ದಾರಿಯಲ್ಲಿ. ಹಾಸನದ ಹುಡುಗ ಓಡಿ, ಬಿದ್ದು, ಹೊಸ ಗ್ಲೌಸಿನ ತುದಿಯಲ್ಲಿ ಹಿಡಿದು, ಮಂಡಿಯ ಮೇಲೆ ಕೂತೇ ಎಸೆದ. ಎಸೆತ ಕೆಟ್ಟದ್ದು. ಬೇಸಿಗೆ ಇನ್ನೂ ಒಂದು ಮಾರು ಇರುವಾಗಲೇ ನೆಲಕ್ಕೆ ಬಡಿಯಿತು. ಅಳಿಯ ಎಡಗಾಲು ಚಾಚಿ, ಬಲಗಾಲ ಬೆರಳು ಬೇಸಿನ ಮೇಲಿಟ್ಟು, ಅಕ್ಕಿಯೊಳಗಿನ ಕಲ್ಲು ಎತ್ತುವವರ ಹಾಗೆ ಅದನ್ನು ಮಣ್ಣಿನಿಂದ ಬಾಚಿ ಎತ್ತಿದರು. ಔಟ್.

ನಾಲ್ಕು-ಮೂರು ಎಂದು ಬರೆದೆ. ಎಷ್ಟೋ ವರ್ಷದಿಂದ ಬರೆಯುತ್ತಿದ್ದದ್ದೂ ಅದೇ. ಎಸೆಯುತ್ತಿದ್ದವರು ಈಗ ಹಿಡಿಯುವವರು. ಎಲ್ಲರೂ ಅವರ ಮೇಲೆ ಬಿದ್ದು ಕೂಗಾಡುತ್ತಿದ್ದರು. ಆ ಗುಂಪಿನೊಳಗಿಂದ ತಲೆ ಹೊರಗೆ ಹಾಕಿ, "ಅತ್ತೇ, ಬರ್ಕೊಂಡ್ರಾ?" ಎಂದು ಅಳಿಯ ಕೂಗಿದರು.

"ಬರ್ಕೊಂಡೆ. ಎದ್ದೇಳಿ ಮೊದ್ಲು, ಮಂಡಿ ಜೋಪಾನ," ಎಂದೆ. ಶಾಲನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡು, ನಾಲ್ಕು-ಮೂರರ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟೆ.